ಒಂದು ಗಾಡಿಗೆ ಎಷ್ಟು ತಪಾಸಣೆ?

ರಸ್ತೆಯಲ್ಲಿ ಗಾಡಿಗಳನ್ನು ತಡೆದು ನೋಡುವುದೇ ತಪ್ಪೆಂದು ನಮ್ಮ ತಿರುಪ್ಪೂರು ಕಡೆಯ ಕನ್ನಡ ಒಕ್ಕಲು ಬಾಂಧವರಲ್ಲಿ ಕೆಲವರು ವಾದಿಸುವುದುಂಟು. ಅವರು 2020ರ ಫೆಬ್ರವರಿ 20ನ್ನು ನೆನೆಯಬೇಕು. ಅಂದು ನಸುಕಿನಲ್ಲಿ ಅವಿನಾಶಿಯ ಬಳಿ ಕಂಟೇನರ್ ಲಾರಿಯೊಂದು ನಡುಗಟ್ಟೆ ದಾಟಿ, ಬೆಂಗಳೂರಿನಿಂದ ಎರ್ನಾಕುಲಕ್ಕೆ ಹೊರಟಿದ್ದ ಕೇರಳದ ಸರ್ಕಾರಿ ಬಸ್ಸಿಗೆ ಬಡಿದು 19 ಮಂದಿ ಮಡಿದರು. ತಪಾಸಣೆ ಬೇಕೇ ಬೇಕು.

ಆದರೆ ಈಗಿನ ಕ್ರಮ ನಮಗೆ ಒಪ್ಪಿಗೆಯಾಗದು. ಉಡುಮಲಪೇಟೆಯಿಂದ ಟೊಮೆಟೊ ಹೇರಿ ಹೊರಟ ಗಾಡಿಯನ್ನು ಸಾರಿಗೆಯವರು ಒಂದೆಡೆ, ಪೊಲೀಸರು ಇನ್ನೊಂದೆಡೆ, ತೆರಿಗೆಯವರು ಮತ್ತೊಂದೆಡೆ ನಿಲ್ಲಿಸಬಹುದು. ಅಷ್ಟರಲ್ಲಿ ಬಿಸಿಲಿಗೆ ಹಣ್ಣು ಬಸಿಯುತ್ತದೆ. ಪಲ್ಲಡದ ಕೋಳಿಗಳ ಗತಿಯೋ, ಗಾಡಿ ಓಡುತ್ತಿದ್ದರೆ ಗಾಳಿ, ನಿಂತರೆ ಸಾವು. ಆ ನಷ್ಟವನ್ನು ವ್ಯಾಪಾರಿ ಮುರಿದುಕೊಳ್ಳುವುದು ಒಕ್ಕಲಿನ ಲೆಕ್ಕದಲ್ಲಿಯೇ.

ಕಾನೂನು ಅರ್ಧ ದಾರಿ ಬಂದಿದೆ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಮೋಟಾರು ವಾಹನ ನಿಯಮದಂತೆ, ಕಂಪ್ಯೂಟರಿನಲ್ಲಿ ಸರಿಯೆಂದು ಕಂಡ ಕಾಗದವನ್ನು ಕೈಯಲ್ಲಿ ತೋರಿಸೆಂದು ಕೇಳತಕ್ಕದ್ದಲ್ಲ. ಯಾವ ಅಧಿಕಾರಿ, ಯಾವ ದಿನ, ಯಾವ ಹೊತ್ತಿಗೆ ನೋಡಿದರೆಂಬುದೂ ದಾಖಲಾಗಬೇಕು. ಜಿ.ಎಸ್.ಟಿ. ನಿಯಮವೂ ಹಾಗೆಯೇ: ದಾರಿಯಲ್ಲಿ ಸರಕನ್ನು ಒಮ್ಮೆ ಪರಿಶೀಲಿಸಿದ ಮೇಲೆ, ತೆರಿಗೆ ವಂಚನೆಯ ಖಚಿತ ಸುಳಿವಿಲ್ಲದೆ ಮತ್ತೆ ಪರಿಶೀಲಿಸುವಂತಿಲ್ಲ. (ಹಸಿ ತರಕಾರಿಗೆ ಇ-ವೇ ಬಿಲ್ಲೇ ಬೇಡವೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?)

ಉಳಿದರ್ಧ ದಾರಿಯನ್ನು ಇಲಾಖೆಗಳು ಕೂಡಿ ನಡೆಯಬೇಕು. ತೂಕದ ಸೇತುವೆಯೂ ನೆರಳೂ ಇರುವ ಒಂದೇ ಜಾಗದಲ್ಲಿ ಮೂವರೂ ನಿಂತು, ಒಮ್ಮೆ ನೋಡಿ, ಹೊತ್ತು ಬರೆದ ಒಂದು ಚೀಟಿ ಕೊಡಲಿ. ಕಣ್ಣಿಗೆ ಕಾಣುವ ತಪ್ಪಿಲ್ಲದಿದ್ದರೆ ಮುಂದಿನವರು ಆ ದಿನ ಅದನ್ನು ಮನ್ನಿಸಲಿ. ಹೀಗೆ ಉಳಿದ ಸಿಬ್ಬಂದಿಯನ್ನು ರಾತ್ರಿ ಹೆದ್ದಾರಿಗೆ ಹಾಕಬಹುದು. ಚಾಲಕನ ದುಡಿಮೆಗೆ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿಯನ್ನು 1961ರ ಕಾಯಿದೆಯೇ ಹಾಕಿತ್ತು. ಎಷ್ಟು ಹೊತ್ತಿನಿಂದ ಚಕ್ರ ಹಿಡಿದಿದ್ದೀಯಪ್ಪಾ ಎಂದು ಕೇಳುವವರು ಬೇಕು. ನಿದ್ದೆಗಣ್ಣು ಯಾವ ಕಾಗದದಲ್ಲಿಯೂ ಕಾಣುವುದಿಲ್ಲ. ಕಾರ್ಮಿಕ ಇಲಾಖೆಯೂ ಜೊತೆಗೂಡಿದರೆ ಇನ್ನೂ ಒಳ್ಳೆಯದು.

ನಮ್ಮವರೂ ಪೆಟ್ಟಿಗೆಗಳ ಮೇಲೆ ಆಳುಗಳನ್ನು ಕೂರಿಸಿ ಕಳುಹುವುದನ್ನು ಬಿಡಬೇಕು. ಹೆಚ್ಚು ಭಾರ ಹೇರಿದರೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಮಿಕ್ಕ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಿನ ಸರಕನ್ನು ಅಲ್ಲಿಯೇ ಇಳಿಸಬೇಕು, ಇಳಿಸುವ ಕೂಲಿಯೂ ನಮ್ಮದೇ.