ಮೈಸೂರು ರಸ್ತೆಯೂ ಸಿಂಹಳದ ಓಲೆಯೂ

ಬೆಂಗಳೂರಿನ ಮೈಸೂರು ರಸ್ತೆಯ ಬಾಪೂಜಿ ನಗರ ಬಸ್ ನಿಲ್ದಾಣದಲ್ಲಿ ನಿಂತರೆ ಮೈಸೂರಿನ ಬಸ್ಸುಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ಬೋರ್ಡಿನ ಮೇಲಿನ ಆ ಊರ ಹೆಸರಿಗೆ ಒಂದು ಹಳೆಯ ತಕರಾರು ಅಂಟಿಕೊಂಡಿದೆ. ಸಿಂಹಳದ ಭಿಕ್ಷುಗಳು ಪಾಲಿಯಲ್ಲಿ ಬರೆದಿಟ್ಟ 'ಮಹಾವಂಸ'ದ ಪ್ರಕಾರ, ಅಶೋಕನ ಕಾಲದಲ್ಲಿ ಪಾಟಲಿಪುತ್ರದಲ್ಲಿ ಭಿಕ್ಷುಗಳ ಮಹಾಸಭೆಯಾದ ಮೂರನೆಯ ಸಂಗೀತಿ ಮುಗಿದ ಮೇಲೆ ಅದರ ಮುಖ್ಯಸ್ಥ ಮೊಗ್ಗಲಿಪುತ್ತ ತಿಸ್ಸ ಧಮ್ಮ ಸಾರಲು ದಿಕ್ಕುದಿಕ್ಕಿಗೆ ಥೇರರನ್ನು, ಅಂದರೆ ಹಿರಿಯ ಭಿಕ್ಷುಗಳನ್ನು, ಕಳಿಸಿದ: ಮಹಾದೇವನನ್ನು ಮಹಿಸಮಂಡಲಕ್ಕೆ, ರಕ್ಖಿತನನ್ನು ವನವಾಸಕ್ಕೆ, ಮಹಿಂದನನ್ನು ಲಂಕೆಗೆ. ವನವಾಸವೆಂದರೆ ನಮ್ಮ ಬನವಾಸಿ. ಮಹಿಸಮಂಡಲ ಮೈಸೂರು ಸೀಮೆ ಎನ್ನುವವರಿದ್ದಾರೆ, ನರ್ಮದೆಯ ದಡದ ಮಾಹಿಷ್ಮತಿ ಎನ್ನುವವರೂ ಇದ್ದಾರೆ.

ಅದಕ್ಕಿಂತ ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಒಂದೇ ಪಟ್ಟಿಯಲ್ಲಿ ಧಮ್ಮ ಪಡೆದ ನಾಡುಗಳಲ್ಲಿ ಲಂಕೆ ಅದನ್ನೇ ತನ್ನ ಚರಿತ್ರೆಯ ಬುನಾದಿ ಮಾಡಿಕೊಂಡಿತು. ನಾವು ನಮ್ಮ ಪಾಲಿನ ಕತೆಯನ್ನು ಕಡಲಾಚೆಯವರ ಪುಸ್ತಕದಲ್ಲಿ ಓದಬೇಕಾಯಿತು. ಯಾಕೆ?

ಬೌದ್ಧಧರ್ಮ ಇಲ್ಲಿ ಬೇರೂರಲಿಲ್ಲ ಎಂಬುದು ಸುಲಭದ ಉತ್ತರ, ಆದರೆ ಅದು ನಿಲ್ಲುವುದಿಲ್ಲ. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಉಬ್ಬುಶಿಲ್ಪವನ್ನು ಅವನ ಹೆಸರಿನೊಂದಿಗೇ ಕೆತ್ತಿದ್ದಾರೆ. ಲಂಕೆಯ ಅನುರಾಧಪುರದ ಮಹಾಥೂಪಕ್ಕೆ, ಅಂದರೆ ಮಹಾಸ್ತೂಪಕ್ಕೆ, ಅಡಿಗಲ್ಲು ಇಡುವಾಗ ವನವಾಸದಿಂದ ಚಂದಗುತ್ತ ಥೇರ ದೊಡ್ಡ ಪರಿವಾರದೊಡನೆ ಬಂದನೆಂದು ಮಹಾವಂಸವೇ ಹೇಳುತ್ತದೆ. ಗದಗ ಸೀಮೆಯ ಡಂಬಳದಲ್ಲಿ 16 ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರದ ಶಾಸನ 1095ರದು. ಹದಿಮೂರು ಶತಮಾನ ಬಾಳಿದ್ದನ್ನು ಬೇರಿಲ್ಲದ್ದು ಎನ್ನಲಾಗದು.

ವ್ಯತ್ಯಾಸ ಇದ್ದದ್ದು ಭಕ್ತಿಯಲ್ಲಲ್ಲ, ಪ್ರತಿ ಮಾಡುವ ಕೈಯಲ್ಲಿ. ತಾಳೆಗರಿಯನ್ನು ಗೆದ್ದಲೂ ತೇವವೂ ಬಿಡುವುದಿಲ್ಲ. ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕೂತು ಮತ್ತೆ ಬರೆಯಲೇಬೇಕು. ಬರೆಯುವವನಿಗೆ ಅನ್ನ ಬೇಕು, ಅನ್ನಕ್ಕೆ ದತ್ತಿ ಬೇಕು. ಲಂಕೆಯಲ್ಲಿ ಅರಸರು ಬದಲಾದರೂ, ಭಿಕ್ಷುಸಂಘ ಸೊರಗಿದರೂ ಮತ್ತೆ ಚಿಗುರಿತು. 5ನೇ ಶತಮಾನದ ಸುಮಾರಿಗೆ ರೂಪುಗೊಂಡ ಗ್ರಂಥಕ್ಕೆ ಮುಂದಿನವರು ಅಧ್ಯಾಯಗಳನ್ನು ಜೋಡಿಸುತ್ತ ಹೋದರು. ಇಲ್ಲಿ ದಾನಿಗಳು ಬೇರೆ ಬಾಗಿಲುಗಳಿಗೆ ಹೋದರು, ವಿಹಾರಗಳು ಬರಿದಾದವು, ಓಲೆಯೂ ನಿಂತಿತು.

ಉಳಿದದ್ದು ಕಲ್ಲು. ಕಲ್ಲಿಗೆ ನಕಲುಗಾರ ಬೇಡ, ಓದುಗ ಬೇಕು. ಬ್ರಹ್ಮಗಿರಿಯ ಅಶೋಕಶಾಸನ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಕಣ್ಣಿಗೆ ಬೀಳುವ ತನಕ ಬರಿಯ ಬಂಡೆಯಾಗಿತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದರೂ ಶಾಸನಗಳಲ್ಲಿ ಬರುವ 'ದೇವಾನಂಪಿಯ ಪಿಯದಸಿ' ಯಾರೆಂದು ತಿಳಿಯದೆ ಮೊದಲು ಸಿಂಹಳದ ಅರಸನೆಂದುಕೊಂಡಿದ್ದ. ಅವನು ಅಶೋಕನೆಂದು ಜಾರ್ಜ್ ಟರ್ನರ್ ಹೇಳಿದ್ದು ಸಿಂಹಳದ್ದೇ ಆದ 'ದೀಪವಂಸ'ದ ಬಲದಿಂದ. ಆ ಮಾತಿಗೆ ಸಾಕ್ಷಿ ನುಡಿದದ್ದು ರಾಯಚೂರಿನ ಮಸ್ಕಿ: 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು.

ಹಾಗೆಂದು ನೆನೆದವರೆಲ್ಲ ನಿಷ್ಪಕ್ಷಪಾತಿಗಳಲ್ಲ. ಮಹಾವಂಸ ಅನುರಾಧಪುರದ ಮಹಾವಿಹಾರವೆಂಬ ಮಠದ ಪುಸ್ತಕ. ಎದುರಾಳಿ ಮಠ ಅಭಯಗಿರಿಯವರ ಮಾತು ಅದರಲ್ಲಿ ಕೇಳಿಸುವುದಿಲ್ಲ. ತಮಿಳು ದೊರೆ ಏಳಾರನನ್ನು ನ್ಯಾಯವಂತನೆಂದು ಒಪ್ಪುವ ಅದೇ ಗ್ರಂಥ, ಅವನನ್ನು ಕೊಂದ ದುಟ್ಠಗಾಮಣಿ ಕೊರಗಿದಾಗ, ಯುದ್ಧದಲ್ಲಿ ಸತ್ತ ಅಷ್ಟೊಂದು ಜನರಲ್ಲಿ ಮನುಷ್ಯರೆಂಬ ಲೆಕ್ಕಕ್ಕೆ ಬರುವವರು ಒಂದೂವರೆ ಮಂದಿ ಮಾತ್ರ ಎಂದು ಅರಹಂತರಿಂದ ಸಮಾಧಾನ ಹೇಳಿಸುತ್ತದೆ. ಇಂಥ ಸಾಲನ್ನೂ ಶತಮಾನಗಳ ಕಾಲ ಶ್ರದ್ಧೆಯಿಂದ ನಕಲು ಮಾಡಿದ ಕೈಗಳೇ ಧಮ್ಮವನ್ನೂ ಕಾಪಾಡಿದವು. ಮರೆತವರಿಗೆ ನಷ್ಟವಿದೆ, ನೆನೆದವರಿಗೆ ಹೊಣೆಯಿದೆ.

ಆದ್ದರಿಂದ 'ಬುದ್ಧ ಮೊದಲು ನಮ್ಮಲ್ಲಿಗೇ ಬಂದ' ಎಂದು ಎದೆ ತಟ್ಟಿಕೊಳ್ಳುವುದರಲ್ಲಿ ನನಗೆ ಆಸಕ್ತಿಯಿಲ್ಲ. ಓಲೆಯನ್ನು ಕಲ್ಲಿನ ಎದುರು, ಕಲ್ಲನ್ನು ಓಲೆಯ ಎದುರು ನಿಲ್ಲಿಸಿ ಕೇಳುವುದಷ್ಟೇ ನಮಗುಳಿದ ದಾರಿ. ಮಸ್ಕಿಯಲ್ಲಿ ಎರಡೂ ಒಂದೇ ಮಾತಾಡಿದವು. ಮಹಿಸಮಂಡಲದ ವಿಷಯದಲ್ಲಿ ಓಲೆ ಹೇಳಿದೆ, ಕಲ್ಲು ಇನ್ನೂ ಹೂಂಗುಟ್ಟಿಲ್ಲ. ಅಲ್ಲಿಯವರೆಗೆ ಈ ರಸ್ತೆ ಮಹಾದೇವ ಥೇರ ಬಂದ ನಾಡಿಗೆ ಹೋಗುತ್ತದೆಂದು ನಾನು ಆಣೆ ಮಾಡಲಾರೆ. ಮೈಸೂರಿಗೆ ಹೋಗುತ್ತದೆ ಎಂದಷ್ಟೇ ಹೇಳಬಲ್ಲೆ.