ಕ್ಯಾಸೆಟ್ಟಿನಿಂದ ಡಿಸ್ಕಿಗೆ: ಹೊತ್ತು ಮತ್ತು ಗುಣ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ೧೯೯೦ರ ದಶಕದ ಮದುವೆ, ಗೃಹಪ್ರವೇಶಗಳ ವಿಎಚ್‌ಎಸ್ ಕ್ಯಾಸೆಟ್ಟುಗಳು ಬೀರುವಿನ ಮೂಲೆಯಲ್ಲಿ ಇಂದಿಗೂ ಕುಳಿತಿವೆ. ಅವುಗಳಲ್ಲಿ ಬೀಗರನ್ನು ಎದುರುಗೊಳ್ಳುತ್ತಿರುವ ದೊಡ್ಡಪ್ಪ, ಮದುಮಗಳ ಸೆರಗು ಸರಿಪಡಿಸುತ್ತಿರುವ ಅಜ್ಜಿ ಈಗ ಲಿಂಗೈಕ್ಯರು. ಅವರ ನಡಿಗೆ, ಅವರ ದನಿ ಉಳಿದಿರುವುದು ಆ ಕಪ್ಪು ಪಟ್ಟಿಯಲ್ಲಿ ಮಾತ್ರ. ಮಳೆಗಾಲದ ತೇವಕ್ಕೆ ಆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಓಡಿಸುವ ಯಂತ್ರವೂ ಅಪರೂಪವಾಗಿದೆ. ಕೊನೆಯ ತಯಾರಕರೆನಿಸಿದ್ದ ಜಪಾನಿನ ಫುನೈ ಸಂಸ್ಥೆ ೨೦೧೬ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಆದುದರಿಂದ ಇವುಗಳನ್ನು ಡಿಸ್ಕಿಗೆ ಇಳಿಸುವ ಕಾರ್ಯವನ್ನು ಮುಂದೂಡುವಂತಿಲ್ಲ.

ಸ್ಟುಡಿಯೋಗೆ ಹೋದಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಎಷ್ಟು ದಿನಕ್ಕೆ ಕೊಡುವಿರಿ? ಒಂದು ಡಿಸ್ಕಿನಲ್ಲಿ ಎಷ್ಟು ಕ್ಯಾಸೆಟ್ಟು ಹಿಡಿಸುವಿರಿ? ಅಜ್ಜಿಯ ಮುಖ ಸ್ಪಷ್ಟವಾಗಿ ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳಲ್ಲಿಯೇ ತೀರ್ಮಾನವಾಗಿಬಿಡುತ್ತದೆ.

ಸಾಮಾನ್ಯ ಡಿವಿಡಿಯ ಧಾರಣಶಕ್ತಿ ೪.೭ ಗಿಗಾಬೈಟ್. ಅದನ್ನು ಊರ ಕೆರೆಯೆಂದು ತಿಳಿಯೋಣ. ನೀರು ಇಷ್ಟೇ ಎಂಬುದು ಮೊದಲೇ ಗೊತ್ತು. ಎರಡು ಗಂಟೆಯ ಚಿತ್ರವನ್ನು ತುಂಬಿದರೆ ಪ್ರತಿ ಸೆಕೆಂಡಿನ ಪಾಲಿಗೆ ದನಿಯೂ ಸೇರಿ ೫ ಮೆಗಾಬಿಟ್‌ಗೆ ತುಸು ಹೆಚ್ಚು ಮಾಹಿತಿ ದೊರೆಯುತ್ತದೆ. ಮೂರು ಗಂಟೆಯಾದರೆ ಆ ಪಾಲು ಸುಮಾರು ೩.೫ಕ್ಕೆ, ನಾಲ್ಕು ಗಂಟೆಯಾದರೆ ೨.೬ಕ್ಕೆ ಇಳಿಯುತ್ತದೆ. ಪಾಲು ತೀರ ಕುಗ್ಗಿದಾಗ, ನೆರೆದವರೆಲ್ಲರೂ ಒಮ್ಮೆಗೇ ಅಕ್ಷತೆ ಎರಚುವ ಗಳಿಗೆಯಲ್ಲಿ ಚಿತ್ರವು ಚೌಕ ಚೌಕವಾಗಿ ಒಡೆದುಹೋಗುತ್ತದೆ. ಅಷ್ಟೊಂದು ಸಣ್ಣ ಕಾಳುಗಳ ಚಲನೆಯನ್ನು ಹಿಡಿದಿಡಲು ಹೆಚ್ಚು ಮಾಹಿತಿ ಬೇಕು. ಸುಮ್ಮನೆ ಕುಳಿತ ಹಿರಿಯರ ದೃಶ್ಯಕ್ಕೆ ಅಷ್ಟು ಬೇಡ.

ಚಿತ್ರವನ್ನು ಡಿಸ್ಕಿಗೆ ಹೊಂದುವಂತೆ ಅಡಕಗೊಳಿಸುವ ಕ್ರಿಯೆಗೆ ಎನ್‌ಕೋಡಿಂಗ್ ಎಂದು ಹೆಸರು. ಒಂದೇ ಸುತ್ತಿನಲ್ಲಿ ಮುಗಿಸಿದರೆ ಮುಂದೆ ಯಾವ ದೃಶ್ಯ ಬರಲಿದೆ ಎಂಬುದನ್ನು ತಿಳಿಯದೆಯೇ ಮಾಹಿತಿಯನ್ನು ಹಂಚಬೇಕಾಗುತ್ತದೆ. ಎರಡು ಸುತ್ತಿನ ಕ್ರಮವು ನಮ್ಮ ನೀರುಗಂಟಿಯ ಕ್ರಮದಂತೆ. ಆತ ಮೊದಲು ಅಚ್ಚುಕಟ್ಟನ್ನೆಲ್ಲ ನಡೆದು ನೋಡಿ, ಯಾವ ಗದ್ದೆಗೆ ಎಷ್ಟು ಬೇಕೆಂದು ಅರಿತು, ಬಳಿಕ ನೀರು ಬಿಡುತ್ತಾನೆ. ಹಾಗೆಯೇ ಇಲ್ಲಿ ಮೊದಲ ಸುತ್ತು ಚಿತ್ರವನ್ನು ಪರಿಶೀಲಿಸುತ್ತದೆ, ಎರಡನೆಯದು ಹಂಚುತ್ತದೆ. ಇದಕ್ಕೆ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ಬೇಕು.

ಹಾಗೆಂದು ಎಲ್ಲಕ್ಕೂ ಈ ಶ್ರಮ ಅಗತ್ಯವಿಲ್ಲ. ಒಂದು ಗಂಟೆಯ ಗೃಹಪ್ರವೇಶದ ಚಿತ್ರ ಒಂದೇ ಡಿಸ್ಕಿಗೆ ಹೋಗುವುದಾದರೆ ಕೆರೆ ತುಂಬಿರುತ್ತದೆ. ಒಂದೇ ಸುತ್ತು ಸಾಕು. ಮೂರು ಗಂಟೆಯ ಮದುವೆಯನ್ನು ಒಂದೇ ಡಿಸ್ಕಿನಲ್ಲಿ ಇಡಬೇಕಾದಾಗ ಎರಡು ಸುತ್ತಿಗೆ ಬೆಲೆ ಬರುತ್ತದೆ. ಅದಕ್ಕಿಂತ ಉದ್ದವಾದರೆ ಎರಡು ಡಿಸ್ಕುಗಳಿಗೆ ಹಂಚುವುದೇ ಲೇಸು. ಇನ್ನೊಂದು ಉಪಾಯವೂ ಉಂಟು. ಡಿವಿಡಿಯ ಪೂರ್ಣ ಚೌಕಟ್ಟು ೭೨೦ಕ್ಕೆ ೫೭೬ ಬಿಂದುಗಳದು. ವಿಎಚ್‌ಎಸ್ ಪಟ್ಟಿಯಲ್ಲಿ ಅಡ್ಡಲಾಗಿ ಸುಮಾರು ೨೪೦ ಗೆರೆಗಳಷ್ಟು ಸೂಕ್ಷ್ಮತೆ ಮಾತ್ರ ಇರುವುದರಿಂದ ದೀರ್ಘ ಚಿತ್ರಗಳಿಗೆ ೩೫೨ಕ್ಕೆ ೫೭೬ರ ಚೌಕಟ್ಟು ಸಾಕಾಗುತ್ತದೆ. ಡಿವಿಡಿಯ ನಿಯಮದಲ್ಲಿ ಇದಕ್ಕೆ ಅವಕಾಶವಿದೆ; ಇರುವ ಮಾಹಿತಿ ಕಡಿಮೆ ಬಿಂದುಗಳಿಗೆ ಚೆನ್ನಾಗಿ ಒದಗುತ್ತದೆ.

ಇಲ್ಲಿ ಮರೆಯಬಾರದ ಮಾತೊಂದಿದೆ. ೨೦೦೦ರ ದಶಕದ ಆರಂಭದಲ್ಲಿ ಎನ್‌ಕೋಡಿಂಗ್‌ಗೆ ಕಂಪ್ಯೂಟರು ರಾತ್ರಿಯಿಡೀ ದುಡಿಯಬೇಕಾಗುತ್ತಿತ್ತು. ಇಂದಿನವು ಅದನ್ನು ಬಹುಬೇಗ ಮುಗಿಸುತ್ತವೆ. ಆದರೆ ಕ್ಯಾಸೆಟ್ಟನ್ನು ಓಡಿಸಿ ಚಿತ್ರವನ್ನು ಕಂಪ್ಯೂಟರಿಗೆ ಪಡೆಯುವ ಕೆಲಸವನ್ನು ಯಾರೂ ಅವಸರಪಡಿಸಲಾರರು. ಮೂರು ಗಂಟೆಯ ಪಟ್ಟಿಗೆ ಮೂರು ಗಂಟೆಯೇ ಬೇಕು. ಯಂತ್ರದ ಹೆಡ್ ಶುಚಿಯಾಗಿರದೆ ಅಲ್ಲಿ ಚಿತ್ರ ಕೆಟ್ಟರೆ, ಆಮೇಲೆ ಎಷ್ಟು ಸುತ್ತು ಎನ್‌ಕೋಡ್ ಮಾಡಿದರೂ ಹೋದ ಮುಖ ಮರಳಿ ಬಾರದು. ತಾಳ್ಮೆಯ ಮೊದಲ ಪಾಲು ಸಲ್ಲಬೇಕಾದುದು ಅಲ್ಲಿಗೆ.

ಆದಕಾರಣ ಸಮಾಜ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಮದುವೆಯ ಚಿತ್ರವನ್ನು ಹಬ್ಬದ ಹಿಂದಿನ ದಿನ ಕೊಟ್ಟು ಮರುದಿನವೇ ಬೇಕೆನ್ನದಿರಿ. ಒಂದು ಡಿಸ್ಕಿನ ಹಣ ಉಳಿಸಲು ನಾಲ್ಕೈದು ಕ್ಯಾಸೆಟ್ಟುಗಳನ್ನು ಒಂದರಲ್ಲೇ ತುರುಕಿಸದಿರಿ. ಡಿಸ್ಕ್ ಓದುವ ಸಾಧನವೇ ಹೊಸ ಕಂಪ್ಯೂಟರುಗಳಲ್ಲಿ ಕಾಣೆಯಾಗುತ್ತಿರುವುದರಿಂದ ಅದೇ ಚಿತ್ರದ ಪ್ರತಿಯೊಂದನ್ನು ಹಾರ್ಡ್ ಡಿಸ್ಕಿನಲ್ಲೂ ಪಡೆದುಕೊಳ್ಳಿ. ಮನೆಮಂದಿಯೆಲ್ಲ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಿ, ದನಿ ಚಿತ್ರಗಳೆರಡೂ ಸರಿಯಾಗಿವೆಯೆಂದು ಖಚಿತವಾದ ಮೇಲೂ ಮೂಲ ಕ್ಯಾಸೆಟ್ಟನ್ನು ಎಸೆಯದೆ ತೇವವಿಲ್ಲದ ಕಡೆ ನಿಲ್ಲಿಸಿಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮ ಮನೆಗಳ ಪಾಲಿಗೆ ನಿಜವಾಗದಿರಲಿ. ಮೊಮ್ಮಕ್ಕಳು ತಾವು ಕಾಣದ ಮುತ್ತಜ್ಜಿಯನ್ನು ಕಣ್ತುಂಬ ನೋಡುವಂತಾಗಲಿ.