ಕೆಲಸಕ್ಕೆ ಕೊಡುವ ಹಣ, ಕಲಿಕೆಗೆ ಕೊಡುವ ಹಣ

2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ದಿಮೆಗಳ ಆಡಳಿತ ಮಟ್ಟದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಸಿಗಬೇಕು ಎಂಬುದು ಅದರ ತಿರುಳು. ಉದ್ಯಮಿಗಳೂ ಐಟಿ ಕಂಪನಿಗಳ ಸಂಘಟನೆಯೂ ಸಿಡಿದೆದ್ದರು. ಒಂದೆರಡು ದಿನಗಳಲ್ಲೇ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಹರಿಯಾಣ ಇಂಥದ್ದೇ ಕಾಯ್ದೆ ಮಾಡಿ ಶೇ. 75 ಎಂದಿತ್ತು. 2023ರ ನವೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮಲ್ಲಿ ಸ್ಥಳೀಯರ ಉದ್ಯೋಗದ ಕುರಿತ ಸರೋಜಿನಿ ಮಹಿಷಿ ವರದಿ ಬಂದು ನಾಲ್ಕು ದಶಕ ಸಂದಿವೆ, ಅದರ ಜಾರಿಗಾಗಿ ಇವತ್ತಿಗೂ ಮೆರವಣಿಗೆಗಳು ನಡೆಯುತ್ತವೆ.

ಕಾನೂನಿನಿಂದ ಆಗದ್ದನ್ನು ದುಡ್ಡಿನಿಂದ ಮಾಡಿಸುವ ದಾರಿಯೊಂದು ಸರ್ಕಾರಗಳ ಕೈಯಲ್ಲಿ ಇದ್ದೇ ಇದೆ. ಇಷ್ಟು ಜನರನ್ನು ಸೇರಿಸಿಕೊಳ್ಳಿ, ಇಷ್ಟು ಸಹಾಯಧನ ಕೊಡುತ್ತೇವೆ ಎನ್ನುವುದು, ಪಿಎಫ್‌ನಲ್ಲಿ ಮಾಲೀಕರ ಪಾಲನ್ನು ತಾನೇ ತುಂಬುವುದು, ತರಬೇತಿ ಕೇಂದ್ರ ಕಟ್ಟಿಕೊಡುವುದು, ಅಪ್ರೆಂಟಿಸ್‌ಗಳ ಸ್ಟೈಪೆಂಡಿನಲ್ಲಿ ಪಾಲು ಹಾಕುವುದು, ಎಲ್ಲವೂ ಈ ಬಗೆಯವೇ. ಬಜೆಟ್ ಭಾಷಣಗಳಲ್ಲಿ ಇವೆಲ್ಲ ‘ಉದ್ಯೋಗ ಸೃಷ್ಟಿ’ ಎಂಬ ಒಂದೇ ತಲೆಬರಹದ ಕೆಳಗೆ ಬರುತ್ತವೆ. ನನಗೆ ಕಾಣುವಂತೆ ಇವು ಒಂದೇ ಬಗೆಯ ಖರ್ಚುಗಳಲ್ಲ. ಕೆಲಸಕ್ಕೆ ತೆಗೆದುಕೊಂಡದ್ದಕ್ಕೆ ಕಂಪನಿಗೆ ಕೊಡುವ ಹಣ ಬಹುಪಾಲು ನಷ್ಟದ ಬಾಬತ್ತು. ಕೆಲಸ ಕಲಿಸುವುದಕ್ಕೆ ಖರ್ಚಾಗುವ ಹಣ, ಸರಿಯಾಗಿ ಖರ್ಚಾದರೆ, ಸರ್ಕಾರವೇ ಹಾಕಬೇಕಾದ ಹಣ. ಈ ವ್ಯತ್ಯಾಸವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಮೊದಲನೆಯದನ್ನೇ ನೋಡೋಣ. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ದೊಡ್ಡ ಆರ್ಡರ್ ಬಂತು ಎಂದಿಟ್ಟುಕೊಳ್ಳಿ. ಅದಕ್ಕೆ ಟೈಲರ್‌ಗಳು ಬೇಕು, ಹೆಲ್ಪರ್‌ಗಳು ಬೇಕು, ಚೆಕ್ಕಿಂಗಿಗೆ ಜನ ಬೇಕು. ಸರ್ಕಾರ ಕೊಟ್ಟರೂ ಕೊಡದಿದ್ದರೂ ಸೇರಿಸಿಕೊಳ್ಳುತ್ತದೆ. ಆರ್ಡರ್ ಇಲ್ಲದಿದ್ದರೆ ತಲೆಗೆ ತಿಂಗಳಿಗೆ ಎರಡು ಸಾವಿರ ಕೊಡುತ್ತೇವೆಂದರೂ ಖಾಲಿ ಮೆಷಿನ್ ಮುಂದೆ ಯಾರನ್ನೂ ಕೂರಿಸುವುದಿಲ್ಲ. ಎರಡು ಸಂದರ್ಭದಲ್ಲೂ ಸಹಾಯಧನ ಕಂಪನಿಯ ತೀರ್ಮಾನವನ್ನು ಬದಲಿಸಲಿಲ್ಲ. ಅಮೆರಿಕದ ರಾಜ್ಯಗಳು ಕೊಡುವ ಪ್ರೋತ್ಸಾಹಗಳನ್ನು ದಶಕಗಳಿಂದ ಅಧ್ಯಯನ ಮಾಡಿರುವ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ 2018ರಲ್ಲಿ ಹಿಂದಿನ ಹಲವು ಸಂಶೋಧನೆಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರು. ಪ್ರೋತ್ಸಾಹ ಪಡೆದ ಕಂಪನಿಗಳಲ್ಲಿ ಅದರಿಂದಾಗಿಯೇ ಮನಸ್ಸು ಬದಲಿಸಿದವು ಶೇ. 2ರಿಂದ 25ರಷ್ಟು ಮಾತ್ರ ಎಂದು ಅವರ ಅಂದಾಜು. ಮಿಕ್ಕವು ಹೇಗಿದ್ದರೂ ಅಲ್ಲಿಗೇ ಬರುತ್ತಿದ್ದವು, ಅಷ್ಟೇ ಜನರನ್ನು ತೆಗೆದುಕೊಳ್ಳುತ್ತಿದ್ದವು. ಅದೇ ಬಾರ್ಟಿಕ್, ಕಂಪನಿಗಳ ಅಗತ್ಯಕ್ಕೆ ತಕ್ಕಂತೆ ರೂಪಿಸಿದ ತರಬೇತಿಗೆ ಹಾಕಿದ ಹಣ ತೆರಿಗೆ ರಿಯಾಯಿತಿಗಿಂತ ಹೆಚ್ಚು ಫಲ ಕೊಡುತ್ತದೆ ಎಂದೂ ವಾದಿಸುತ್ತಾರೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕತೆಯನ್ನು ಕರ್ನಾಟಕದವರು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅಲ್ಲಿಗೆ ಬಂದ ಕಂಪನಿಯೇ ದೇವನಹಳ್ಳಿಗೂ ಬಂದಿದೆ. 2017ರಲ್ಲಿ ಫಾಕ್ಸ್‌ಕಾನ್ ಅಲ್ಲಿ 13,000 ಉದ್ಯೋಗ ಕೊಡುವುದಾಗಿ ಹೇಳಿತು; ರಾಜ್ಯ ಸುಮಾರು 300 ಕೋಟಿ ಡಾಲರಿನ ಪ್ರೋತ್ಸಾಹಕ್ಕೆ ಒಪ್ಪಿತು. ನಾಲ್ಕು ವರ್ಷದ ನಂತರ ಒಪ್ಪಂದವನ್ನು ಹೊಸದಾಗಿ ಬರೆದಾಗ ಅದು 1,454 ಉದ್ಯೋಗಕ್ಕೂ 8 ಕೋಟಿ ಡಾಲರಿಗೂ ಇಳಿದಿತ್ತು. ಇಷ್ಟಾದರೂ ರಾಜ್ಯದ ಬೊಕ್ಕಸ ಬಹುಮಟ್ಟಿಗೆ ಉಳಿಯಿತು. ಉದ್ಯೋಗ ಕೊಟ್ಟು ತೋರಿಸಿದ ಮೇಲೆಯೇ ತೆರಿಗೆ ವಾಪಸಾತಿ ಎಂದು ಷರತ್ತಿದ್ದುದೇ ಇದಕ್ಕೆ ಕಾರಣ. ಮುಂಗಡವಾಗಿ ಖರ್ಚು ಮಾಡಿದ್ದು ಸ್ಥಳೀಯ ಆಡಳಿತ: ಜಮೀನು, ರಸ್ತೆ, ನೀರಿನ ಪೈಪು. ಆ ಜಮೀನಿಗಾಗಿ ಮನೆ ಬಿಟ್ಟು ಹೋದ ಕುಟುಂಬಗಳಿಗೆ ಆ ಮನೆಗಳು ಮರಳಿ ಬರಲಿಲ್ಲ.

ನಮ್ಮ ಕಡೆ ಷರತ್ತುಗಳೇ ಇಲ್ಲವೆಂದಲ್ಲ. ಕೇಂದ್ರದ ಹೊಸ ಯೋಜನೆ, 2025ರ ಆಗಸ್ಟಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ, ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ರತಿ ನೌಕರನ ಲೆಕ್ಕದಲ್ಲಿ ಮಾಲೀಕರಿಗೆ ತಿಂಗಳಿಗೆ 3,000 ರೂಪಾಯಿಯವರೆಗೆ ಎರಡು ವರ್ಷ ಕೊಡುತ್ತದೆ, ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. ನೌಕರ ಕನಿಷ್ಠ ಆರು ತಿಂಗಳು ಕೆಲಸದಲ್ಲಿ ಉಳಿಯಬೇಕು. ಹಿಂದಿನ ಯೋಜನೆಗಳಿಗಿಂತ ಇದು ಒಳ್ಳೆಯದೇ. ಆದರೂ 99,446 ಕೋಟಿ ರೂಪಾಯಿಯ ಈ ಯೋಜನೆಯಲ್ಲಿ ಮಾಲೀಕ ಆ ನೌಕರನಿಗೆ ಏನನ್ನಾದರೂ ಕಲಿಸಿರಬೇಕು ಎಂಬ ಷರತ್ತಿಲ್ಲ. ಇದರ ಪಕ್ಕಕ್ಕೆ ನಮ್ಮ ರಾಜ್ಯದ ಯುವನಿಧಿಯನ್ನು ಇಟ್ಟು ನೋಡಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಆ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಕೊಡುತ್ತದೆ. ಅಂದರೆ ಒಬ್ಬ ಪದವೀಧರೆ ಮನೆಯಲ್ಲಿದ್ದರೆ ಅವಳಿಗೆ ಎರಡು ವರ್ಷಕ್ಕೆ 72,000 ರೂಪಾಯಿ. ಒಳ್ಳೆಯ ಸಂಬಳದ ಕೆಲಸಕ್ಕೆ ಸೇರಿದರೆ ಅವಳ ಮಾಲೀಕನಿಗೆ ಹೆಚ್ಚುಕಡಿಮೆ ಅಷ್ಟೇ. ಯುವನಿಧಿ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲಸ ಹುಡುಕಲು ಬಸ್ ಚಾರ್ಜಿಗೂ ಮನೆಯವರ ಮುಂದೆ ಕೈಯೊಡ್ಡುವ ಸಂಕಟದಿಂದ ಅದು ಪಾರುಮಾಡುತ್ತದೆ. ಆದರೆ ಈ ಎರಡರ ನಡುವೆ, ಅವಳ ಕೈಗೆ ಒಂದು ಕಸುಬು ಹತ್ತಿಸುವ ಜಾಗದಲ್ಲಿ, ಇದರ ಅರ್ಧದಷ್ಟು ಶ್ರದ್ಧೆಯೂ ಕಾಣುವುದಿಲ್ಲ.

ಕಲಿಸುವ ಖರ್ಚನ್ನು ಸರ್ಕಾರ ಏಕೆ ಹೊರಬೇಕು? ಲಾಭ ಮಾಡುವ ಕಂಪನಿಯೇ ಕಲಿಸಿಕೊಳ್ಳಲಿ ಎನ್ನುವುದು ಸಹಜವಾದ ಪ್ರಶ್ನೆ. ಇದಕ್ಕೆ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲೇ ಒಂದು ಉತ್ತರ ಕೊಟ್ಟಿದ್ದರು. ಒಂದೇ ಕಂಪನಿಗೆ ಉಪಯೋಗವಾಗುವ ಕೌಶಲಕ್ಕೆ ಆ ಕಂಪನಿ ಖರ್ಚು ಮಾಡುತ್ತದೆ. ಎಲ್ಲ ಕಂಪನಿಗಳಿಗೂ ಬೇಕಾದ ಕೌಶಲಕ್ಕೆ ಖರ್ಚು ಮಾಡಲು ಯಾವ ಕಂಪನಿಗೂ ಮನಸ್ಸು ಬರುವುದಿಲ್ಲ. ನಮ್ಮ ಸಣ್ಣ ವರ್ಕ್‌ಶಾಪ್‌ಗಳ ಮಾಲೀಕರು ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಎಂಟು ಜನ ದುಡಿಯುವ ಶೆಡ್ಡಿನಲ್ಲಿ ಒಬ್ಬ ಹುಡುಗನಿಗೆ ಒಂದೂವರೆ ವರ್ಷ ಸಿಎನ್‌ಸಿ ಕಲಿಸುತ್ತಾರೆ; ಅವನು ಹಾಳುಮಾಡಿದ ಬಿಡಿಭಾಗಗಳನ್ನೂ ಮುರಿದ ಟೂಲ್‌ಗಳನ್ನೂ ತಾಳಿಕೊಳ್ಳುತ್ತಾರೆ. ಕೈ ಕುದುರುವ ಹೊತ್ತಿಗೆ ದೊಡ್ಡ ಕಾರ್ಖಾನೆ ಮೂರು ಸಾವಿರ ಹೆಚ್ಚು ಕೊಟ್ಟು ಕರೆದುಕೊಳ್ಳುತ್ತದೆ. ಹುಡುಗ ಮಾಡಿದ್ದು ತಪ್ಪಲ್ಲ, ದೊಡ್ಡ ಕಾರ್ಖಾನೆಯದೂ ತಪ್ಪಲ್ಲ. ಮಾಲೀಕ ಮಾತ್ರ ಮುಂದಿನ ಸಲ ಕಲಿತು ಬಂದವರನ್ನೇ ಕೇಳುತ್ತಾನೆ. ಹೀಗೆ ಎಲ್ಲರೂ ಕಲಿತವರನ್ನೇ ಕೇಳುತ್ತ ಕೂತರೆ ಕಲಿಸುವವರು ಯಾರು? ಇಲ್ಲಿ ಸಾರ್ವಜನಿಕ ಹಣಕ್ಕೆ ಒಂದು ನಿಜವಾದ ಕೆಲಸವಿದೆ.

ಆ ಕೆಲಸವನ್ನು ಚೆನ್ನಾಗಿ ಮಾಡುವುದು ಹೇಗೆಂದು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ, ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿದೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆ, ಒಂದು ವರ್ಷ ಉದ್ಯಮದಲ್ಲಿ ತರಬೇತಿ. ಫಿಟ್ಟಿಂಗ್ ಕಲಿಯುವ ಹುಡುಗನ ಮೊದಲ ದಿನಗಳು ಹೇಗಿರುತ್ತವೆ ಎಂದು ನೋಡಬೇಕು. ಬೆಂಚ್ ವೈಸಿಗೆ ಕಬ್ಬಿಣದ ತುಂಡು ಬಿಗಿದು ಅರ ಹಾಕಿ ಉಜ್ಜುವುದು, ಉಜ್ಜಿದ ಮುಖಕ್ಕೆ ಟ್ರೈಸ್ಕ್ವೇರ್ ಒತ್ತಿ ಬೆಳಕಿನ ಕಡೆ ಹಿಡಿಯುವುದು. ಸಂದಿನಲ್ಲಿ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜಬೇಕು. ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಗುತ್ತದೆ. ಮೆಷಿನ್ ಯುಗದಲ್ಲಿ ಈ ಕೈಕೆಲಸ ಏತಕ್ಕೆ ಎನ್ನುವವರಿದ್ದಾರೆ. ಮಿಲಿಮೀಟರಿನ ನೂರನೇ ಒಂದು ಭಾಗ ಎಂದರೆ ಏನೆಂದು ಕೈಗೆ ಗೊತ್ತಾಗುವುದು ಹೀಗೆಯೇ. ಗಾರ್ಮೆಂಟ್ಸ್ ತರಬೇತಿಯಲ್ಲೂ ಇಂಥದ್ದೊಂದಿದೆ. ಹೊಸದಾಗಿ ಬಂದ ಹೆಣ್ಣುಮಗಳು ಮೊದಲು ದಾರವಿಲ್ಲದ ಮೆಷಿನ್ನಿನಲ್ಲಿ ಕಾಗದದ ಮೇಲೆ ಹೊಲಿಯುತ್ತಾಳೆ: ನೇರ ಗೆರೆ, ಚೌಕ, ಸುರುಳಿ. ಸೂಜಿಯ ತೂತುಗಳು ಗೆರೆ ಬಿಟ್ಟು ಹೋಗದಿದ್ದಾಗ ಬಟ್ಟೆ ಕೊಡುತ್ತಾರೆ. ಇದಕ್ಕೆಲ್ಲ ಸಮಯ ಬೇಕು, ಪಕ್ಕದಲ್ಲಿ ನಿಂತು ತಿದ್ದುವ ಗುರು ಬೇಕು. ದುಬಾರಿಯಾಗುವುದು ಅದೇ.

ಹಾಗಾಗಿಯೇ ಅಗ್ಗದ ತರಬೇತಿಯ ಆಸೆಗೆ ಬಿದ್ದ ಯೋಜನೆಗಳು ಸೋತಿವೆ. ಎರಡು ಮೂರು ತಿಂಗಳ ಕೋರ್ಸು, ತಲೆಗೆ ಇಷ್ಟೆಂದು ಖಾಸಗಿ ತರಬೇತಿ ಸಂಸ್ಥೆಗೆ ಹಣ, ಕೊನೆಗೊಂದು ಪ್ರಮಾಣಪತ್ರ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಲೆಕ್ಕ ಪರಿಶೋಧಿಸಿದ ಸಿಎಜಿಗೆ ಬಹುಪಾಲು ಅಭ್ಯರ್ಥಿಗಳ ದಾಖಲೆಯಲ್ಲಿ ಬ್ಯಾಂಕ್ ಖಾತೆಯ ಸರಿಯಾದ ವಿವರವೇ ಸಿಗಲಿಲ್ಲ. ಹಣ ತಲೆಯೆಣಿಕೆಯ ಮೇಲೆ ಹೋದರೆ ಲೆಕ್ಕಕ್ಕೆ ಸಿಗುವುದು ತಲೆಗಳೇ, ಅವುಗಳೊಳಗೆ ಏನು ಹೋಯಿತೆಂದು ಯಾರೂ ಕೇಳುವುದಿಲ್ಲ.

ಅಪ್ರೆಂಟಿಸ್ ಪದ್ಧತಿಯಲ್ಲಿ ಇನ್ನೊಂದು ಅಪಾಯವಿದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು 1961ರ ಕಾಯ್ದೆಯ ಪ್ರಕಾರ ಕಡ್ಡಾಯ. 2016ರಿಂದ ಅವರ ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಕೊಡುತ್ತಿದೆ. ಕಾಯ್ದೆಯ ಉದ್ದೇಶ ಒಳ್ಳೆಯದು. ಆದರೆ ಅಪ್ರೆಂಟಿಸ್‌ಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ವರ್ಷ ಮುಗಿದ ಕೂಡಲೇ ಅವನನ್ನು ಕಳಿಸಿ ಅದೇ ಲೈನಿಗೆ ಇನ್ನೊಬ್ಬ ಅಪ್ರೆಂಟಿಸನ್ನು ತಂದು ನಿಲ್ಲಿಸಿದರೆ ಅದು ತರಬೇತಿಯ ಹೆಸರಿನಲ್ಲಿ ಅಗ್ಗದ ಕೂಲಿ. ಸರ್ಕಾರದ ದುಡ್ಡು ಅದಕ್ಕೆ ಹೋಗಬಾರದು.

ಗುತ್ತಿಗೆ ನೇಮಕದಲ್ಲೂ ಇಂಥದ್ದೇ ಅಪಾಯವಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ನಡೆದದ್ದು ಎಲ್ಲರಿಗೂ ನೆನಪಿರಬೇಕು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ದಾಂಧಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಆಗಿರಲಿಲ್ಲವೆಂದು ಆಮೇಲೆ ಕಂಪನಿಯೇ ಒಪ್ಪಿತು, ಆ್ಯಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ಕೆಲಕಾಲ ನಿಲ್ಲಿಸಿತು. ಬಹುತೇಕರು ಕಂಪನಿಯ ರೋಲಿನಲ್ಲೇ ಇರಲಿಲ್ಲ; ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ದುಡಿಯುವುದು ಒಂದು ಕಡೆ, ಸಂಬಳದ ಚೀಟಿ ಇನ್ನೊಂದು ಕಡೆ, ದೂರು ಕೇಳುವವರು ಎರಡೂ ಕಡೆ ಇಲ್ಲ. ಹೂಡಿಕೆದಾರರ ಸಮಾವೇಶದಲ್ಲಿ ಘೋಷಿಸುವ ‘ಇಷ್ಟು ಸಾವಿರ ಉದ್ಯೋಗ’ದಲ್ಲಿ ಇಂಥವರೂ ಎಣಿಕೆಗೆ ಬರುತ್ತಾರೆ.

ರಾಜ್ಯದ 2025–30ರ ಕೈಗಾರಿಕಾ ನೀತಿ 7.5 ಲಕ್ಷ ಕೋಟಿ ರೂಪಾಯಿ ಹೂಡಿಕೆಯನ್ನೂ 20 ಲಕ್ಷ ಉದ್ಯೋಗವನ್ನೂ ಗುರಿಯಾಗಿಟ್ಟುಕೊಂಡಿದೆ. ಭಾಗಿಸಿದರೆ ಒಂದು ಉದ್ಯೋಗಕ್ಕೆ 37.5 ಲಕ್ಷ ರೂಪಾಯಿ ಬಂಡವಾಳ. ಮುಖ್ಯ ಪ್ರೋತ್ಸಾಹಧನ ಸಿಗುವುದು ಹೂಡಿದ ಬಂಡವಾಳದ ಮೇಲೆ ಅಥವಾ ಮಾಡಿದ ವಹಿವಾಟಿನ ಮೇಲೆ; ಕನ್ನಡಿಗರಿಗೆ ಉದ್ಯೋಗ ಎಂಬುದು ಅದರ ಜೊತೆಗೆ ಅಂಟಿಸಿದ ಷರತ್ತು. ಹೀಗಿದ್ದಾಗ ರೋಬೋ ತಂದವನಿಗೂ ನೂರು ಜನರಿಗೆ ಕಲಿಸಿದವನಿಗೂ ಒಂದೇ ಅಳತೆಗೋಲು. ಕೈಗಾರಿಕಾ ಪ್ರೋತ್ಸಾಹದ ಗಣನೀಯ ಪಾಲನ್ನು ಬಂಡವಾಳದ ಲೆಕ್ಕದಿಂದ ಬಿಡಿಸಿ ಕಲಿಕೆಯ ಲೆಕ್ಕಕ್ಕೆ ತರಬೇಕೆಂಬುದು ನನ್ನ ಒತ್ತಾಯ. ಕಾರ್ಖಾನೆಯ ಜೊತೆಗೂಡಿ ಐಟಿಐಯೋ ಜಿಟಿಟಿಸಿಯೋ ಪಾಠ ರೂಪಿಸಲಿ. ಪರೀಕ್ಷೆ ಮಾಡುವುದು ಬೇರೆಯವರಾಗಲಿ, ಪ್ರಮಾಣಪತ್ರ ಪಕ್ಕದ ಕಾರ್ಖಾನೆಯಲ್ಲೂ ನಡೆಯುವಂತಿರಲಿ. ಹಣದ ದೊಡ್ಡ ಕಂತು, ಕಲಿತವನು ಕಂಪನಿಯ ರೋಲಿನಲ್ಲೇ ಒಂದು ವರ್ಷ ಪೂರೈಸಿದ ಮೇಲೆ ಬಿಡುಗಡೆಯಾಗಲಿ.

ನೇಮಕಕ್ಕೇ ಹಣ ಕೊಡುವುದು ಎಲ್ಲೂ ಬೇಡವೇ? ಕೆಲವು ಕಡೆ ಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಅತ್ಯಂತ ಹಿಂದುಳಿದವು 39. ಅವುಗಳಲ್ಲಿ 21 ಕಲಬುರಗಿ ವಿಭಾಗದವು. ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯಡಿ ಸಿಗುವ ಮೀಸಲಾತಿ ಸರ್ಕಾರಿ ಹುದ್ದೆಗಳಿಗಿದೆ; ಖಾಸಗಿ ಕಾರ್ಖಾನೆಗಳಿಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ಜನ ಸೇರಿಸಿಕೊಳ್ಳಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಯಾದಗಿರಿಯಲ್ಲಿ ಕೊಟ್ಟರೆ ಅಲ್ಲಿಗೆ ಬರದಿದ್ದ ಒಂದು ಘಟಕ ಬಂದೀತು. ಅಂಗವಿಕಲರ ವಿಷಯವೂ ಹಾಗೆಯೇ. ಮಾಲೀಕ ತಾನಾಗಿ ತೆರೆಯದ ಬಾಗಿಲನ್ನು ತೆರೆಸುವುದಕ್ಕೆ ಸಾರ್ವಜನಿಕ ಹಣ ಬಳಸುವುದು ನ್ಯಾಯ.

ಇಷ್ಟು ಬಿಗಿ ಮಾಡಿದರೆ ಕಂಪನಿಗಳು ಹೊಸೂರಿಗೋ ಆಂಧ್ರಕ್ಕೋ ಹೋಗುತ್ತವೆ ಎಂಬ ಮಾತು ಪ್ರತಿ ಸಲವೂ ಬರುತ್ತದೆ. ಇದನ್ನು ಹಗುರಾಗಿ ತಳ್ಳಿಹಾಕಲಾಗದು. ನೆರೆಯ ರಾಜ್ಯಗಳು ನಿಜವಾಗಿಯೂ ಪೈಪೋಟಿಗೆ ಇಳಿದಿವೆ, ಜಮೀನನ್ನು ಅಗ್ಗದಲ್ಲಿ ಕೊಡುತ್ತಿವೆ. ಆದರೆ ಸಬ್ಸಿಡಿಗಾಗಿ ಬಂದ ಕಂಪನಿ ಹೆಚ್ಚು ಸಬ್ಸಿಡಿ ಸಿಕ್ಕ ಕಡೆ ಹೊರಡುತ್ತದೆ, ಕಲಿತ ಜನಕ್ಕಾಗಿ ಬಂದ ಕಂಪನಿ ಆ ಜನ ಇರುವಲ್ಲೇ ಉಳಿಯುತ್ತದೆ. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ಗಳ ಶಾಪ್‌ಫ್ಲೋರಿನಲ್ಲಿ ಕಲಿತವರೂ ಅವರಿಂದ ಕಲಿತವರೂ ಇದ್ದುದರಿಂದಲೇ ಪೀಣ್ಯ ಇಷ್ಟು ಬೆಳೆಯಿತು.

ಸಹಾಯಧನ ಪಡೆದ ಪ್ರತಿ ಕಂಪನಿಯ ಹೆಸರು, ಕೊಟ್ಟ ಮೊತ್ತ, ಹೇಳಿದ್ದ ಉದ್ಯೋಗ, ಈಗ ರೋಲಿನಲ್ಲಿರುವವರು ಎಷ್ಟು, ಗುತ್ತಿಗೆಯಲ್ಲಿರುವವರು ಎಷ್ಟು, ಇವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಇದಕ್ಕೆ ಹೊಸ ಸಮೀಕ್ಷೆ ಬೇಕಾಗಿಲ್ಲ. ಪಿಎಫ್ ವ್ಯಾಪ್ತಿಯ ಪ್ರತಿ ಸಂಸ್ಥೆಯೂ ಪ್ರತಿ ಗುತ್ತಿಗೆದಾರನೂ ತಿಂಗಳ 15ರೊಳಗೆ ಯಾರಿಗೆ ಎಷ್ಟು ಕಟ್ಟಿದೆವೆಂದು ರಿಟರ್ನ್ ಸಲ್ಲಿಸುತ್ತಾರೆ. ಆ ರಿಟರ್ನಿನ ಒಟ್ಟು ಸಂಖ್ಯೆಗಳನ್ನು ಪ್ರಕಟಿಸಲು ಒಪ್ಪುವವರಿಗೆ ಮಾತ್ರ ಸಹಾಯಧನ ಎಂದು ಮುಂದಿನ ಸರ್ಕಾರಿ ಆದೇಶದಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಅದಕ್ಕೆ ವಿಧಾನಸಭೆಯ ಒಪ್ಪಿಗೆಯೂ ಬೇಕಿಲ್ಲ.